‘ಗಾಡಿ ಬಿಟ್ಟು ಹೋಗ್ರಿ’ ಎಂದರೆ ಹೋಗುವುದು ಎಲ್ಲಿಗೆ?

ಸಂಪಾದಕರಿಗೆ,

ಮಾನ್ಯರೇ,

ವ್ಯಾನನ್ನೇ ಮನೆ ಮಾಡಿಕೊಂಡು ಊರೂರು ಸುತ್ತುವವರ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಚಿತ್ರಲೇಖನವನ್ನು ನಾನೂ ನನ್ನ ಹೆಂಡತಿಯೂ ಅಂಥದೇ ಒಂದು ವ್ಯಾನಿನಲ್ಲಿ ಕುಳಿತು ಓದಿದೆವು. ಅದರಲ್ಲಿ ಬರೆದದ್ದು ಯಾವುದೂ ಸುಳ್ಳಲ್ಲ. ಹಿಂಬಾಗಿಲು ತೆರೆದರೆ ಸಮುದ್ರ ಕಾಣುವುದೂ ನಿಜ, ಬೆಳಗಿನ ಕಾಫಿ ಅಲ್ಲಿ ಹೆಚ್ಚು ರುಚಿಸುವುದೂ ನಿಜ. ಆದರೆ ಅಷ್ಟೊಂದು ಚಿತ್ರಗಳ ನಡುವೆ ಗ್ಯಾರೇಜಿನಲ್ಲಿ ಗೇರ್ ಬಾಕ್ಸ್ ಇಳಿಸಿಕೊಂಡು ಜ್ಯಾಕಿನ ಮೇಲೆ ನಿಂತ ವ್ಯಾನಿನ ಒಂದು ಚಿತ್ರವೂ ಇಲ್ಲದ್ದನ್ನು ಕಂಡು ಈ ಪತ್ರ ಬರೆಯಬೇಕೆನಿಸಿತು. ಈ ಬದುಕಿಗೆ ಇಳಿಯಬೇಕೆಂದು ಯೋಚಿಸುತ್ತಿರುವ ನಿವೃತ್ತರು, ಇಂಥ ವಾಹನಗಳನ್ನು ಕಟ್ಟಿಕೊಡುವವರು, ರಸ್ತೆ ಮತ್ತು ಸಾರಿಗೆ ಇಲಾಖೆಯವರು ಇದನ್ನು ಓದಲಿ ಎಂಬುದು ನನ್ನ ಆಸೆ.

ನಾನು ಅಂಚೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು. ಎರಡು ವರ್ಷದ ಹಿಂದೆ, ಏಳು ವರ್ಷ ಶಾಲೆಯ ಮಕ್ಕಳನ್ನು ಸಾಗಿಸಿದ ಒಂದು ಟೆಂಪೋ ಟ್ರಾವೆಲರ್ ಕೊಂಡು, ಸೀಟು ಕಿತ್ತುಹಾಕಿಸಿ, ಮಂಚ, ಅಡಿಗೆಕಟ್ಟೆ, ನೀರಿನ ಟ್ಯಾಂಕು, ಸಣ್ಣ ಫ್ರಿಜ್ಜು, ತಾರಸಿಯ ಮೇಲೆ ಸೋಲಾರ್ ಹಲಗೆ ಎಲ್ಲವನ್ನೂ ಕೂಡಿಸಿಕೊಂಡೆವು. ನೋಂದಣಿ ಪತ್ರದಲ್ಲಿ ಕ್ಯಾಂಪರ್ ವ್ಯಾನ್ ಎಂದು ಬದಲಾವಣೆ ಮಾಡಿಸಿ, ವಿಮಾ ಕಂಪನಿಗೂ ತಿಳಿಸಿ, ದಾವಣಗೆರೆಯ ಮನೆಯನ್ನು ಬಾಡಿಗೆಗೆ ಕೊಟ್ಟು ಹೊರಟೆವು. ಜೀವಮಾನವಿಡೀ ಜನರಿಗೆ ‘ವಿಳಾಸ ಸರಿಯಾಗಿ ಬರೆಯಿರಿ’ ಎಂದು ಹೇಳಿದ ನನಗೆ ಈಗ ಬರೆದುಕೊಡಲು ವಿಳಾಸವಿಲ್ಲ ಎಂದು ನನ್ನ ಹೆಂಡತಿ ಆಗಾಗ ಛೇಡಿಸುವುದುಂಟು. ಆ ಮಾತಿನ ಬಿಸಿ ನನಗೆ ತಟ್ಟಿದ್ದು ಕಳೆದ ಏಪ್ರಿಲಿನಲ್ಲಿ, ಅರಬೈಲು ಘಟ್ಟದ ಮೇಲೆ.

ಅಂಕೋಲೆಯಿಂದ ಯಲ್ಲಾಪುರಕ್ಕೆ ಏರುವ ಆ ರಸ್ತೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಭಾರ ಹೊತ್ತ ಲಾರಿಗಳ ಸಾಲಿನ ಹಿಂದೆ ಮೊದಲ ಗೇರಿನಲ್ಲಿ ತೆವಳುತ್ತಾ, ನಿಲ್ಲುತ್ತಾ, ಮತ್ತೆ ತೆವಳುತ್ತಾ ಹೋಗುವಾಗ ಸುಟ್ಟ ವಾಸನೆ ಬಂತು. ಮುಂದಿನ ಲಾರಿಯ ಬ್ರೇಕಿನದಿರಬೇಕು ಎಂದುಕೊಂಡೆ. ಇನ್ನೂ ಎರಡು ತಿರುವು ಏರುವಷ್ಟರಲ್ಲಿ ಎಂಜಿನ್ ಮಾತ್ರ ಅರಚಿಕೊಳ್ಳುತ್ತಿತ್ತು, ಗಾಡಿ ಮುಂದೆ ಸಾಗುತ್ತಿರಲಿಲ್ಲ. ಕ್ಲಚ್ ಪ್ಲೇಟು ಸವೆದು ಜಾರತೊಡಗಿತ್ತು. ಹೇಗೋ ಪಕ್ಕಕ್ಕೆ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮರದ ಟೊಂಗೆ ಮುರಿದು ಇಪ್ಪತ್ತು ಹೆಜ್ಜೆ ಹಿಂದೆ ಇಟ್ಟು ನೋಡಿದರೆ ನನ್ನ ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ನಿಂತು ವಿಚಾರಿಸಿದ ಲಾರಿ ಚಾಲಕರೊಬ್ಬರ ಫೋನಿನಿಂದ ವಿಮೆಯ ಜೊತೆ ಹಣ ಕೊಟ್ಟು ಪಡೆದಿದ್ದ ರಸ್ತೆಬದಿ ನೆರವಿನ ಸಂಖ್ಯೆಗೆ ಕರೆ ಮಾಡಿದೆ. ಆ ಕಡೆಯ ಹುಡುಗಿ ಬಹಳ ವಿನಯದಿಂದಲೇ ಮಾತನಾಡಿದಳು. ಹುಬ್ಬಳ್ಳಿಯಿಂದ ವಾಹನ ಬರಲು ಐದು ಗಂಟೆಯಾಗಬಹುದು, ನಮ್ಮ ಗಾಡಿಯನ್ನು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಮಾತ್ರ ಒಯ್ಯುತ್ತಾರೆ, ಅಷ್ಟರೊಳಗೆ ಬೇಕಾದರೆ ನಮ್ಮಿಬ್ಬರನ್ನು ಮನೆಗೆ ತಲುಪಿಸಲು ಟ್ಯಾಕ್ಸಿ ಕಳುಹಿಸಬಹುದು ಎಂದಳು. ಮನೆ ನನ್ನ ಬೆನ್ನ ಹಿಂದೆಯೇ ಕಲ್ಲು ಕೊಟ್ಟುಕೊಂಡು ನಿಂತಿದೆ ಎಂದು ಅವಳಿಗೆ ವಿವರಿಸಲು ನನಗೆ ಆಗಲಿಲ್ಲ.

ಕೊನೆಗೆ ಖಾಸಗಿ ಕ್ರೇನ್ ಒಂದು ಬಂತು. ಇಪ್ಪತ್ತು ಕಿಲೋಮೀಟರೂ ಇಲ್ಲದ ದಾರಿಗೆ 9,000 ರೂಪಾಯಿ ಎಂದರು. ಚೌಕಾಸಿ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಹಣಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಆಮೇಲೆ ಆದದ್ದು. ಗಾಡಿಯ ಮುಂಭಾಗವನ್ನು ಕೊಕ್ಕೆಗೆ ಸಿಕ್ಕಿಸಿ ಎತ್ತಿದ ಕೂಡಲೇ ನಮ್ಮ ಮನೆ ಹಿಂದಕ್ಕೆ ವಾಲಿತು. ಒಳಗಿನಿಂದ ಮೊದಲು ಸ್ಟೀಲ್ ಡಬ್ಬಿಗಳು ಜಾರಿದ ಸದ್ದು, ಆಮೇಲೆ ಅಕ್ಕಿಯ ಡಬ್ಬಿ ಉರುಳಿದ ಸದ್ದು, ಕೊನೆಗೆ ಹಿಂಬಾಗಿಲ ಸಂದಿನಿಂದ ನೀರು. ಟ್ಯಾಂಕಿನ ಗಾಳಿ ಕೊಳವೆಯ ಮೂಲಕ ನೀರೆಲ್ಲ ಹಾಸಿಗೆಯ ಮೇಲೆ ಹರಿದಿತ್ತು. ಖಾಲಿ ಕಾರನ್ನು ಎತ್ತುವಂತೆ ಮನೆಯನ್ನು ಎತ್ತಬಾರದು, ಚಪ್ಪಟೆ ಮೈಯ ಲಾರಿಯ ಮೇಲೆ ಹೇರಿಕೊಂಡು ಹೋಗಬೇಕು, ಅದು ಸಿಗದಿದ್ದರೆ ಕನಿಷ್ಠ ಟ್ಯಾಂಕು ಬರಿದು ಮಾಡಿ ಸಾಮಾನನ್ನೆಲ್ಲ ಕೆಳಗಿಳಿಸಿಟ್ಟ ಮೇಲೆ ಎತ್ತಿಸಬೇಕು ಎಂಬುದನ್ನು ಆ ದಿನ ಕಲಿತೆ. ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಇಂಥ ಗಾಡಿಗಳನ್ನು ಮುಂದಿನಿಂದ ಎತ್ತಿ ದೂರ ಎಳೆಯುವುದಾದರೆ ಆ ಶಕ್ತಿಯನ್ನು ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಇಲ್ಲವಾದರೆ ಗೇರ್ ಬಾಕ್ಸಿಗೂ ಪೆಟ್ಟು ಎಂಬುದನ್ನು ಕ್ರೇನಿನವರು ಹೇಳಲಿಲ್ಲ, ಗ್ಯಾರೇಜಿನವರು ಹೇಳಿದರು.

ಗ್ಯಾರೇಜಿನ ಮೇಸ್ತ್ರಿ ಧಾರವಾಡದ ಕಡೆಯವರು, ಕೆಲಸ ಬಲ್ಲವರು. ಕ್ಲಚ್ಚನ್ನು ಪೆಡಲ್ ಒತ್ತಿ ನೋಡಿಯೇ ‘ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರೂ ಹಾಕಬೇಕ್ರಿ ಸರ್, ಗೇರ್ ಬಾಕ್ಸ್ ಇಳಸೂದ’ ಎಂದು ಲೆಕ್ಕ ಹೇಳಿದರು. ಅದರ ಜೊತೆಗೇ, ಪ್ರತಿ ಗಿರಾಕಿಗೂ ಹೇಳುವಂತೆ, ‘ಗಾಡಿ ಬಿಟ್ಟು ಹೋಗ್ರಿ, ಮೂರು ದಿನಾ ಬಿಟ್ಟು ಬರ್ರಿ’ ಎಂದರು. ನಾನೂ ನನ್ನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವಾಹನ ರಿಪೇರಿಯ ಇಡೀ ವ್ಯವಸ್ಥೆಯೇ ನಿಂತಿರುವುದು ಆ ಒಂದು ಮಾತಿನ ಮೇಲೆ, ಎಂದರೆ ಗಾಡಿಯ ಯಜಮಾನನಿಗೆ ಹೋಗಲು ಬೇರೊಂದು ಕಡೆ ಇರುತ್ತದೆ ಎಂಬ ನಂಬಿಕೆಯ ಮೇಲೆ. ಗೇರ್ ಬಾಕ್ಸ್ ಇಳಿದು ಜ್ಯಾಕಿನ ಮೇಲೆ ನಿಂತ ವಾಹನದೊಳಗೆ ಮಲಗಲು ಮೇಸ್ತ್ರಿ ಒಪ್ಪಲಿಲ್ಲ. ಅವರು ಒಪ್ಪದ್ದೇ ಸರಿ. ಎರಡು ಚೀಲ ಬಟ್ಟೆ, ಔಷಧದ ಡಬ್ಬಿ ಹಿಡಿದು ಬಸ್ ನಿಲ್ದಾಣದ ಬಳಿಯ ಲಾಡ್ಜಿಗೆ ಹೋದೆವು. ಅಲ್ಲಿಯೂ ವಿಳಾಸ ಕೇಳಿದರು.

ಮೂರು ದಿನ ಐದು ದಿನವಾಯಿತು. ಜಾರಿದ ಪ್ಲೇಟಿನ ಬಿಸಿಗೆ, ಅದು ಒತ್ತಿಕೊಳ್ಳುವ ಫ್ಲೈವೀಲ್ ಎಂಬ ಚಕ್ರದ ಮೇಲೆ ನೀಲಿ ಕಲೆಗಳೆದ್ದಿದ್ದವು. ಅದನ್ನು ಲೇತಿನಲ್ಲಿ ಸಮ ಮಾಡಿಸದೆ ಹೊಸ ಪ್ಲೇಟು ಹಾಕಿದರೆ ಅದೂ ಬೇಗ ಸುಡುತ್ತದೆಂದು ಹುಬ್ಬಳ್ಳಿಗೆ ಬಸ್ಸಿನಲ್ಲಿ ಕಳುಹಿಸಿದರು. ಪ್ರೆಶರ್ ಪ್ಲೇಟು ಹುಬ್ಬಳ್ಳಿಯಲ್ಲೂ ಸಿಗದೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ರಾತ್ರಿ ಬಸ್ಸಿಗೆ ಹಾಕಿಸಿಕೊಂಡರು. ಒಟ್ಟು ಬಿಲ್ಲು 23,400 ರೂಪಾಯಿ. ಕ್ರೇನು, ಲಾಡ್ಜು, ಊಟ, ಹೊಸ ಹಾಸಿಗೆ ಸೇರಿ 40,000 ದಾಟಿತು. ಈ ಬದುಕಿಗೆ ಇಳಿಯುವವರು ಡೀಸೆಲ್ಲಿನ ಲೆಕ್ಕ ಮಾತ್ರ ಹಾಕಿಕೊಂಡು ಹೊರಡುವುದನ್ನು ಕಂಡಿದ್ದೇನೆ. ಗಾಡಿಯ ಆಪತ್ತಿಗೆಂದೇ ಮುಟ್ಟದ ಒಂದು ಲಕ್ಷ ರೂಪಾಯಿ ಬೇರೆ ಖಾತೆಯಲ್ಲಿ ಇಲ್ಲದವರು ಹೊರಡದಿರುವುದೇ ಲೇಸು ಎಂದು ನಾನು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಆ ಐದು ದಿನಗಳಲ್ಲಿ ನಮ್ಮನ್ನು ನಿಜಕ್ಕೂ ಹೆದರಿಸಿದ್ದು ಕ್ಲಚ್ ಅಲ್ಲ. ಕೆಲಸ ಶುರು ಮಾಡುವ ಮುನ್ನ ಮೇಸ್ತ್ರಿ ಎಂಜಿನ್ನಿನ ಬ್ಯಾಟರಿಯ ಮೈನಸ್ ತಂತಿ ಕಳಚಿದರು. ಎಲ್ಲ ಗ್ಯಾರೇಜಿನಲ್ಲೂ ಮಾಡುವ ಕ್ರಮವೇ ಅದು. ನಮ್ಮ ಫ್ರಿಜ್ಜು ಸೋಲಾರಿಗೆ ಸೇರಿದ ಮನೆಯ ಬ್ಯಾಟರಿಯಿಂದ ನಡೆಯುತ್ತದೆಂದು ನಾವು ತಿಳಿದಿದ್ದೆವು, ಕಟ್ಟಿಕೊಟ್ಟವರು ಹಾಗೆಂದೇ ಹೇಳಿದ್ದರು. ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಔಷಧ ತೆಗೆಯಲು ಹೋದಾಗ ಫ್ರಿಜ್ಜು ಬೆಚ್ಚಗಿತ್ತು. ಅದರಲ್ಲಿ ಅವಳ ಎರಡು ತಿಂಗಳ ಇನ್ಸುಲಿನ್ ಇತ್ತು. ತೆರೆಯದ ಇನ್ಸುಲಿನ್ ಸೀಸೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕೆಂಬುದನ್ನು ಅದನ್ನು ಬಳಸುವ ಮನೆಯವರೆಲ್ಲ ಬಲ್ಲರು. ಏಪ್ರಿಲಿನ ಬಿಸಿಲಿನಲ್ಲಿ ಮುಚ್ಚಿದ ವ್ಯಾನಿನ ಒಳಗೆ ಎಷ್ಟು ಕಾವಿರುತ್ತದೆಂದು ಬೇರೆ ಹೇಳಬೇಕಿಲ್ಲ. ಗ್ಯಾರೇಜಿನ ಪಕ್ಕದ ಕಿರಾಣಿ ಅಂಗಡಿಯ ಹೆಂಗಸು ಒಂದು ಮಾತೂ ಕೇಳದೆ ಹಾಲಿನ ಪ್ಯಾಕೆಟ್ ಇಡುವ ತನ್ನ ಫ್ರಿಜ್ಜಿನಲ್ಲಿ ಜಾಗ ಮಾಡಿಕೊಟ್ಟಳು. ನಮ್ಮ ಸ್ಟೀಲ್ ಡಬ್ಬಿಯ ಮೇಲೆ ‘ಅಕ್ಕನ ಔಷಧಿ, ಯಾರೂ ಮುಟ್ಟಬೇಡಿ’ ಎಂದು ಬರೆದ ಚೀಟಿಯನ್ನು ರಬ್ಬರ್ ಬ್ಯಾಂಡಿನಿಂದ ಸುತ್ತಿದಳು. ಒಂದು ರಾತ್ರಿ ಕಾವಿನಲ್ಲಿದ್ದ ಸೀಸೆಗಳನ್ನು ವೈದ್ಯರನ್ನು ಕೇಳಿ ಬೇರೆ ತೆಗೆದಿಟ್ಟು ಹೊಸದನ್ನು ಕೊಂಡೆವು.

ಫ್ರಿಜ್ಜಿನ ತಂತಿ ಎಂಜಿನ್ ಬ್ಯಾಟರಿಗೆ ಹೋಗಿದ್ದು ಏಕೆ ಎಂದು ತಿಳಿಯಲು ನನಗೆ ಇನ್ನೂ ಎರಡು ದಿನ ಹಿಡಿಯಿತು. ಮೇಸ್ತ್ರಿ, ‘ಇದು ನಮ್ಮ ಕೆಲಸ ಅಲ್ರಿ, ಒಳಗಿನ ವೈರಿಂಗ್ ನಾವು ಮುಟ್ಟೂದಿಲ್ಲ’ ಎಂದರು. ಪೇಟೆಯ ಮನೆ ವೈರಿಂಗಿನವನನ್ನು ಕರೆತಂದರೆ ಅವನು ಎರಡು ಬ್ಯಾಟರಿ ಕಂಡು, ‘ಇದು ಗಾಡಿ ಕೆಲಸ’ ಎಂದು ಹೊರಟುಹೋದ. ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಫೋನಾಯಿಸಿದರೆ ಮಾರ್ಪಾಡು ಮಾಡಿದ ಗಾಡಿಯ ಮಾತೇ ಬೇಡವೆಂದರು. ಕಟ್ಟಿಕೊಟ್ಟವರಿಗೆ ಕೇಳಿದರೆ, ಆ ಕೆಲಸ ಮಾಡಿದ ಹುಡುಗ ಬಿಟ್ಟುಹೋಗಿದ್ದಾನೆ, ನಕ್ಷೆ ಎಂದೇನೂ ಇಟ್ಟಿಲ್ಲ ಎಂದರು. ಕ್ಯಾಂಪರ್ ವ್ಯಾನಿನಲ್ಲಿ ಕೆಟ್ಟ ಭಾಗವನ್ನು ಸರಿಮಾಡುವುದು ಕಷ್ಟವಲ್ಲ. ಅದು ಯಾರ ಕೆಲಸ ಎಂದು ಯಾರೂ ಒಪ್ಪಿಕೊಳ್ಳದಿರುವುದೇ ಕಷ್ಟ. ಅದು ಮನೆಯೆಂದು ಗ್ಯಾರೇಜಿನವರು ಕೈಬಿಡುತ್ತಾರೆ, ಗಾಡಿಯೆಂದು ಮನೆ ಕೆಲಸದವರು ಕೈಬಿಡುತ್ತಾರೆ. ಕೊನೆಗೆ ಲಾರಿಗಳ ಲೈಟು, ಡೈನಮೋ ಕೆಲಸ ಮಾಡುವ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಸಿಕ್ಕಿದರು. ಅವರು ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ತಂತಿಯನ್ನು ಹಿಂಬಾಲಿಸುತ್ತಾ ಹೋದರು, ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆಯುತ್ತಾ ಹೋದೆ. ಮಧ್ಯಾಹ್ನದೊಳಗೆ ಇಡೀ ವ್ಯಾನಿನ ವೈರಿಂಗ್ ಒಂದು ಹಾಳೆಗೆ ಬಂತು. ಫ್ರಿಜ್ಜಿನ ತಂತಿ ತಪ್ಪಾಗಿ ಜೋಡಿಸಿದ್ದರ ಜೊತೆಗೆ, ಪಂಪಿನ ತಂತಿಗೆ ಫ್ಯೂಸೇ ಇಲ್ಲದ್ದೂ, ಇನ್ವರ್ಟರಿನ ದಪ್ಪ ತಂತಿ ಗ್ಯಾಸ್ ಸಿಲಿಂಡರಿನ ಮಗ್ಗುಲಲ್ಲೇ ಹಾದುಹೋಗಿದ್ದೂ ಅದರಿಂದ ತಿಳಿಯಿತು. ಅಷ್ಟು ದಿನ ನಾವು ಅದರ ಮೇಲೆಯೇ ಮಲಗಿದ್ದೆವು.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಕ್ಲಚ್ ಸುಟ್ಟದ್ದರಲ್ಲಿ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಗಾಡಿ ಓಡಿಸುವ ನನ್ನ ಚಾಳಿಯ ಪಾಲು ಇತ್ತು, ಭಾರದ ಪಾಲೂ ಇತ್ತು. ಮೇಸ್ತ್ರಿಯ ಸಲಹೆಯಂತೆ ಹೊರಡುವ ದಿನ ನೂರು ರೂಪಾಯಿ ಕೊಟ್ಟು ವೇಬ್ರಿಡ್ಜಿನ ಮೇಲೆ ಗಾಡಿ ನಿಲ್ಲಿಸಿದೆ. ಚೀಟಿಯಲ್ಲಿ ಬಂದ ಅಂಕಿ ನೋಂದಣಿ ಪತ್ರದಲ್ಲಿರುವ ಒಟ್ಟು ತೂಕಕ್ಕಿಂತ 380 ಕಿಲೋ ಹೆಚ್ಚಿತ್ತು. ನಂಬಲಾಗದೆ ಕುಳಿತು ಲೆಕ್ಕ ಹಾಕಿದೆ. 150 ಲೀಟರ್ ನೀರೆಂದರೆ 150 ಕಿಲೋ. ಮನೆಯ ಇನ್ವರ್ಟರಿಗೆ ಹಾಕುವಂಥ ದೊಡ್ಡ ಟ್ಯೂಬುಲರ್ ಬ್ಯಾಟರಿ ಒಂದೊಂದೂ 50 ಕಿಲೋಗೆ ಮೇಲು, ನಮ್ಮಲ್ಲಿ ಎರಡಿದ್ದವು. ಎಂಟಡಿ ಉದ್ದ ನಾಲ್ಕಡಿ ಅಗಲದ 18 ಮಿಲಿಮೀಟರ್ ಪ್ಲೈವುಡ್ ಹಾಳೆ ಸುಮಾರು 35 ಕಿಲೋ, ಅಂಥವು ಎಂಟು ಹಾಳೆ ನಮ್ಮ ಮಂಚ, ಕಪಾಟುಗಳಲ್ಲಿದ್ದವು. ಬಡಗಿ ಮನೆಗೆ ಮಾಡುವಂತೆಯೇ ಗಟ್ಟಿಮುಟ್ಟಾಗಿ ಮಾಡಿದ್ದ. ಮನೆ ನಡೆದಾಡುವುದಿಲ್ಲ, ಗಾಡಿ ನಡೆಯುತ್ತದೆ ಎಂದು ಅವನಿಗೆ ಹೇಳಬೇಕಾದವರು ಯಾರೂ ಹೇಳಿರಲಿಲ್ಲ. ಕಟ್ಟಿಸಿದ ಮೇಲೆ ಒಮ್ಮೆ ತೂಗಿಸಿದ್ದರೆ ಅರಬೈಲಿನ ತನಕ ವಿಷಯ ಹೋಗುತ್ತಿರಲಿಲ್ಲ.

ಉಳಿದ ರಿಪೇರಿಗಳೆಲ್ಲ ಇದರ ಮುಂದೆ ಸಣ್ಣವು. ಆಗುಂಬೆಯ ಮಳೆಗೆ ಸೋಲಾರ್ ಹಲಗೆಯ ಬೋಲ್ಟುಗಳ ಸುತ್ತ ಹಚ್ಚಿದ್ದ ಸಿಲಿಕೋನ್ ಅಂಟು ಬಿಟ್ಟುಕೊಂಡು ಎರಡು ರಾತ್ರಿ ಪಾತ್ರೆ ಇಟ್ಟು ಮಲಗಿದೆವು. ಹಾವೇರಿಯ ಹತ್ತಿರ ಹಿಂದಿನ ಸ್ಪ್ರಿಂಗ್ ಪ್ಲೇಟು ಕಟ್ಟಾದಾಗ ಹೆದ್ದಾರಿಯ ಪಕ್ಕದ ಲಾರಿ ಮೇಸ್ತ್ರಿಯೊಬ್ಬರು ಮೂರೇ ಗಂಟೆಯಲ್ಲಿ ಹೊಸದು ಹಾಕಿ ಕಳುಹಿಸಿದರು. ಲಾರಿಯವರಿಗೆ ಸಲ್ಲುವ ರಿಪೇರಿಯಾದರೆ ನಮ್ಮ ರಾಜ್ಯದ ಹೆದ್ದಾರಿಗಳಲ್ಲಿ ಕೆಲಸಗಾರರಿಗೆ ಬರವಿಲ್ಲ. ಅಲ್ಲಿ ಚಾಸಿಗೆ ವೆಲ್ಡಿಂಗ್ ಮಾಡಬೇಕಾಗಿ ಬಂದಾಗ ಮೊದಲು ಗ್ಯಾಸ್ ಸಿಲಿಂಡರ್ ಹೊರಗಿಡಿಸಿ, ಎರಡೂ ಬ್ಯಾಟರಿಯ ತಂತಿ ಬಿಚ್ಚಿಸಬೇಕೆಂದು ಮಾತ್ರ ನಾವೇ ನೆನಪಿಸಬೇಕಾಯಿತು, ಏಕೆಂದರೆ ಲಾರಿಯೊಳಗೆ ಸಾಮಾನ್ಯವಾಗಿ ಅಡಿಗೆಮನೆ ಇರುವುದಿಲ್ಲ. ಕ್ಲೀನರ್ ಸ್ಟೌ ಹಚ್ಚುವ ಲಾರಿಗಳ ಮಾತು ಬೇರೆ.

ಬಿಡಿಭಾಗ ತರಿಸುವ ವಿಷಯದಲ್ಲಿ ಹಳೆಯ ಅಂಚೆಯವನಾಗಿ ಒಂದು ದಾರಿ ಹೇಳಬಲ್ಲೆ. ವಿಳಾಸವಿಲ್ಲದವರಿಗೆ ಅಂಚೆ ಇಲಾಖೆಯಲ್ಲಿ ‘ಪೋಸ್ಟ್ ರೆಸ್ಟಾಂಟ್’ ಎಂಬ ವ್ಯವಸ್ಥೆ ಬ್ರಿಟಿಷರ ಕಾಲದಿಂದಲೂ ಇದೆ. ಕಳುಹಿಸುವವರು ನಿಮ್ಮ ಹೆಸರಿನ ಕೆಳಗೆ ಆ ಎರಡು ಪದ, ಮುಂದಿನ ಊರಿನ ಪ್ರಧಾನ ಅಂಚೆ ಕಚೇರಿಯ ಹೆಸರು ಮತ್ತು ಪಿನ್ ಸಂಖ್ಯೆ ಬರೆದರೆ ಪಾರ್ಸೆಲ್ ಅಲ್ಲಿಯೇ ಕಾದಿರುತ್ತದೆ, ಗುರುತಿನ ಚೀಟಿ ತೋರಿಸಿ ಬಿಡಿಸಿಕೊಳ್ಳಬಹುದು. ನಮ್ಮ ನೀರಿನ ಪಂಪಿನ ಡಯಾಫ್ರಾಮ್ ಹೊನ್ನಾವರಕ್ಕೆ ಬಂದದ್ದು ಹಾಗೆಯೇ. ಕೌಂಟರಿನಲ್ಲಿದ್ದ ಯುವಕನಿಗೆ ಆ ಪದದ ಅರ್ಥವನ್ನು ನಾನೇ ಹೇಳಬೇಕಾಯಿತು, ಅದು ಬೇರೆ ಮಾತು.

ಇಷ್ಟೆಲ್ಲ ಬರೆದದ್ದು ನಮ್ಮ ಪಾಡನ್ನು ತೋಡಿಕೊಳ್ಳಲು ಅಲ್ಲ. ಕೇರಳ 2021ರಲ್ಲಿಯೇ ಕ್ಯಾರವಾನ್, ಎಂದರೆ ಇಂಥ ವಾಸದ ವಾಹನಗಳ, ಪ್ರವಾಸಕ್ಕೆಂದು ಪ್ರತ್ಯೇಕ ನೀತಿ ತಂದಿತು, ನಮ್ಮಲ್ಲಿಯೂ ಕ್ಯಾರವಾನ್ ಪ್ರವಾಸವನ್ನು ಬೆಳೆಸುವ ಮಾತು ಕೇಳಿಬರುತ್ತಿದೆ. ಆ ಮಾತುಗಳಲ್ಲಿ ಉದ್ಯಾನ, ವಿದ್ಯುತ್ ಸಂಪರ್ಕ, ನೋಟದ ಸ್ಥಳಗಳ ಪ್ರಸ್ತಾಪವಿರುತ್ತದೆಯೇ ಹೊರತು ವಾಹನ ಕೆಟ್ಟು ನಿಂತರೆ ಅದರಲ್ಲಿ ವಾಸಿಸುವವರು ಏನು ಮಾಡಬೇಕು ಎಂಬುದು ಇರುವುದಿಲ್ಲ. ಹೊಸ ಕಟ್ಟಡಗಳೇನೂ ಇದಕ್ಕೆ ಬೇಕಿಲ್ಲ.

ಮೊದಲನೆಯ ಬೇಡಿಕೆ ಸಾರಿಗೆ ಇಲಾಖೆಗೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಮು ವಾಹನದ ಮಾರ್ಪಾಡನ್ನು ನಿಯಂತ್ರಿಸುತ್ತದೆ, ಮೋಟಾರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವೂ ಇದೆ. ಕಾರ್ಖಾನೆಯಲ್ಲಿ ತಯಾರಾಗುವ ಕ್ಯಾರವಾನ್‌ಗಳಿಗೆ ಇದು ಸರಿ. ನಮ್ಮಂಥವರ ಗಾಡಿಗಳು ತಯಾರಾಗುವುದು ಸಣ್ಣ ಷೆಡ್ಡುಗಳಲ್ಲಿ, ಬಡಗಿ ಮತ್ತು ವೈರಿಂಗ್ ಹುಡುಗರ ಕೈಯಲ್ಲಿ. ಅವರ ಹೊಟ್ಟೆಯ ಮೇಲೆ ಹೊಡೆಯುವಂಥ ನಿಯಮ ಬೇಡ. ನೋಂದಣಿ ಬದಲಾವಣೆಗೆ ಅರ್ಜಿ ಹಾಕುವಾಗ ಎರಡು ಕಾಗದ ಕಡ್ಡಾಯ ಮಾಡಿದರೆ ಸಾಕು. ಒಂದು, ಟ್ಯಾಂಕು ತುಂಬಿ ಸಾಮಾನು ಹೇರಿದ ಮೇಲಿನ ವೇಬ್ರಿಡ್ಜ್ ಚೀಟಿ. ಇನ್ನೊಂದು, ಯಾವ ತಂತಿ ಎಲ್ಲಿಂದ ಎಲ್ಲಿಗೆ, ಯಾವ ಫ್ಯೂಸ್ ಎಷ್ಟು ಆಂಪಿಯರಿನದು, ನೀರಿನ ಮತ್ತು ಗ್ಯಾಸಿನ ಕೊಳವೆ ಎಲ್ಲಿ ಹಾದಿವೆ ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆ. ಆ ಹಾಳೆಯ ಒಂದು ಪ್ರತಿಯನ್ನು ವಾಹನದ ಬಾಗಿಲ ಒಳಮೈಗೆ ಅಂಟಿಸಬೇಕು. ನಾಳೆ ಯಾವ ಊರಿನ ಯಾವ ಕೆಲಸಗಾರ ಬಾಗಿಲು ತೆರೆದರೂ ‘ಇದು ನನ್ನ ಕೆಲಸ ಅಲ್ಲ’ ಎನ್ನುವ ಮೊದಲು ಅದನ್ನು ಓದುವಂತಿರಬೇಕು.

ಎರಡನೆಯದು ಹೆದ್ದಾರಿಗಳನ್ನು ನೋಡಿಕೊಳ್ಳುವವರಿಗೆ. ಲಾರಿಗಳಿಗೆಂದು ಹೆದ್ದಾರಿಯ ಪಕ್ಕ ನಿರ್ಮಿಸಿರುವ ತಂಗುದಾಣಗಳಲ್ಲಿ ಕೆಟ್ಟು ನಿಂತ ಅಥವಾ ಬಿಡಿಭಾಗಕ್ಕೆ ಕಾಯುತ್ತಿರುವ ವಾಸದ ವಾಹನಗಳಿಗೂ ರಾತ್ರಿ ನಿಲ್ಲಲು ಅವಕಾಶವಿದೆ ಎಂದು ಒಂದು ಫಲಕ ಹಾಕಿ. ರಾತ್ರಿ ಹನ್ನೊಂದಕ್ಕೆ ಕಿಟಕಿ ತಟ್ಟಿ ‘ಇಲ್ಲಿ ಮಲಗುವ ಹಾಗಿಲ್ಲ’ ಎಂದು ಎಬ್ಬಿಸಿದ್ದು ನಮಗೆ ಮೂರು ಸಲ ಆಗಿದೆ. ಟೋಲ್ ಇರುವ ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಂಖ್ಯೆಗೆ ಕರೆ ಮಾಡಿದರೆ ನೆರವು ಬರುತ್ತದೆ, ಅದನ್ನು ನಾವು ಕಂಡಿದ್ದೇವೆ, ಮೆಚ್ಚಿದ್ದೇವೆ. ಘಟ್ಟದ ರಸ್ತೆಗಳಲ್ಲಿ ಮಾತ್ರ ಖಾಸಗಿ ಕ್ರೇನಿನವರು ಬಾಯಿಗೆ ಬಂದದ್ದೇ ದರ. ಆಟೋರಿಕ್ಷಾಗಳಿಗೆ ಜಿಲ್ಲಾವಾರು ದರ ನಿಗದಿ ಮಾಡುವ ಪ್ರಾಧಿಕಾರ ಕ್ರೇನುಗಳಿಗೂ ಕಿಲೋಮೀಟರ್ ಲೆಕ್ಕದಲ್ಲಿ ದರ ಗೊತ್ತು ಮಾಡಿ, ಘಟ್ಟ ಹತ್ತುವ ಮುನ್ನವೇ ಕಾಣುವಂತೆ ಹಾಕಲಿ.

ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದ ನಮ್ಮ ವ್ಯಾನಿನ ನಕ್ಷೆಯನ್ನು ಆಮೇಲೆ ನೀಟಾಗಿ ಬರೆದು ಲ್ಯಾಮಿನೇಟ್ ಮಾಡಿಸಿ ಬಾಗಿಲಿಗೆ ಅಂಟಿಸಿದ್ದೇನೆ. ಪ್ಲೈವುಡ್ಡಿನ ಅರ್ಧದಷ್ಟನ್ನು ಬಿಚ್ಚಿ ಕೊಟ್ಟುಬಿಟ್ಟಿದ್ದೇವೆ, ಟ್ಯಾಂಕಿಗೆ 70 ಲೀಟರಿಗಿಂತ ಹೆಚ್ಚು ತುಂಬುವುದಿಲ್ಲ. ಸಾರಿಗೆ ಇಲಾಖೆಯ ಯಾವುದೇ ಕಚೇರಿಗೆ ಆ ಹಾಳೆ ಮಾದರಿಯಾಗಿ ಬೇಕಿದ್ದರೆ ಪ್ರತಿ ಮಾಡಿಸಿ ಕಳುಹಿಸಿಕೊಡಲು ಸಿದ್ಧನಿದ್ದೇನೆ. ಕಚೇರಿಯ ವಿಳಾಸ ಮಾತ್ರ ಪಿನ್ ಸಂಖ್ಯೆ ಸಹಿತ ಸರಿಯಾಗಿ ಬರೆದು ತಿಳಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಂಚೆ ನೌಕರ
(ಪೋಸ್ಟ್ ರೆಸ್ಟಾಂಟ್, ಸದ್ಯಕ್ಕೆ ಕುಮಟಾ)